ಕೋವಿ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕೋ, ಹುಟ್ಟಿನಿಂದ ಬಂದ ಹಕ್ಕೋ?

ಟೆಕ್ಸಾಸ್‌ವಾಸಿ
ಕಚೇರಿಯಲ್ಲಿ ನನ್ನ ಪಕ್ಕ ಕೂರುವ ಅಮೆರಿಕನ್ ಸಹೋದ್ಯೋಗಿ ಒಳ್ಳೆಯ ಮನುಷ್ಯ. ಬಂದೂಕಿನ ಮಾತು ಬಂದರೆ ಮಾತ್ರ ಪುರಾಣ ಬಿಚ್ಚುತ್ತಾನೆ. ಅವನ ವಾದ ಇಷ್ಟು: ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಅಮೆರಿಕದ ಸಂವಿಧಾನ ಕೊಟ್ಟದ್ದೇ ಅಲ್ಲವಂತೆ. ಮನುಷ್ಯ ಹುಟ್ಟುವಾಗಲೇ ಅದು ಬರುತ್ತದೆ, ಸಂವಿಧಾನದ 1791ರ ಎರಡನೇ ತಿದ್ದುಪಡಿ ಅದನ್ನು ಸರ್ಕಾರದಿಂದ ಕಾಯಲು ಬೇಲಿ ಕಟ್ಟಿತು ಅಷ್ಟೇ ಎನ್ನುತ್ತಾನೆ.

ನಾನು ಕೇಳಿದೆ: "ನಾನೂ ಮನುಷ್ಯನೇ ತಾನೇ? ಎಚ್-1ಬಿ ವೀಸಾದಲ್ಲಿ ಇದ್ದೇನೆ ಎಂಬ ಕಾರಣಕ್ಕೆ ನಿಮ್ಮ ಕಾನೂನು ನನಗೆ ಬಂದೂಕು ಮಾರುವುದಿಲ್ಲ. ಹುಟ್ಟಿನಿಂದ ಬಂದದ್ದು ವಿಮಾನ ನಿಲ್ದಾಣದಲ್ಲಿ ಕಳೆದುಹೋಯಿತೇ?" ನಕ್ಕು ಸುಮ್ಮನಾದ. ನನಗೆ ಬಂದೂಕು ಬೇಕಾಗಿಲ್ಲ. ತರ್ಕ ಎಲ್ಲಿ ಮುರಿಯುತ್ತದೆ ಎಂದು ತಿಳಿದವರು ಹೇಳಿ.

ಒಂದೇಸಾಲು
ನಿಮ್ಮ ಹಕ್ಕು ಕಳೆದುಹೋಗಿಲ್ಲ, ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತಿದೆ.

ಪ್ರಶ್ನಾರ್ಥಕ
ತರ್ಕ ಎಲ್ಲೂ ಮುರಿಯುವುದಿಲ್ಲ. ಸರ್ಕಾರವೊಂದು ಹಕ್ಕನ್ನು ಕಸಿದುಕೊಂಡಿದೆ ಎಂದರೆ ಆ ಹಕ್ಕೇ ಇರಲಿಲ್ಲ ಎಂದಾಗುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ನಮ್ಮ ವಾಕ್ ಸ್ವಾತಂತ್ರ್ಯ ಕಸಿದಿದ್ದರು, ಆಗ ಆ ಹಕ್ಕು ಸತ್ತುಹೋಗಿತ್ತೇ? ಪ್ರಾಣ ಉಳಿಸಿಕೊಳ್ಳುವುದು ಮೂಲಭೂತ ಹಕ್ಕು ಎಂದು ಒಪ್ಪುತ್ತೀರಿ. ಒಪ್ಪಿದ ಮೇಲೆ ಅದಕ್ಕೆ ಬೇಕಾದ ಸಾಧನವನ್ನು ನಿರಾಕರಿಸುವುದು ಹೇಗೆ? ಅರವತ್ತು ದಾಟಿದ ಒಂಟಿ ಹೆಂಗಸಿನ ಮನೆಗೆ ಮೂವರು ಕಳ್ಳರು ನುಗ್ಗಿದರೆ ಅವಳು ಮಾನವ ಹಕ್ಕುಗಳ ಘೋಷಣೆಯನ್ನು ಓದಿ ಹೇಳಬೇಕೇ?

ಕರಿಕೋಟು
ವಕೀಲಿ ವೃತ್ತಿಯವನು, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಟೆಕ್ಸಾಸ್‌ವಾಸಿಗಳೇ, ನಿಮ್ಮ ಸಹೋದ್ಯೋಗಿ ಹೇಳಿದ ಮಾತು ಬೀದಿ ಘೋಷಣೆಯಲ್ಲ, ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. 1876ರ ಕ್ರುಯಿಕ್‌ಶಾಂಕ್ ಪ್ರಕರಣದಲ್ಲಿ, ಶಸ್ತ್ರ ಹೊಂದುವ ಹಕ್ಕು ತನ್ನ ಅಸ್ತಿತ್ವಕ್ಕಾಗಿ ಸಂವಿಧಾನವನ್ನು ಅವಲಂಬಿಸಿಲ್ಲ ಎಂದು ನ್ಯಾಯಾಲಯ ಹೇಳಿತು. 2008ರ ಹೆಲ್ಲರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಇದನ್ನೇ ಮುಂದಿಟ್ಟು, ಎರಡನೇ ತಿದ್ದುಪಡಿ ಮೊದಲೇ ಇದ್ದ ಹಕ್ಕನ್ನು ಬರೆದಿಟ್ಟಿತು ಎಂದರು.

ಆದರೆ ಆ 1876ರ ಪ್ರಕರಣ ಯಾವುದು ಎಂದು ನಿಮ್ಮ ಸಹೋದ್ಯೋಗಿಯನ್ನು ಕೇಳಿ. 1873ರಲ್ಲಿ ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಬಿಳಿಯರ ಗುಂಪೊಂದು ಹತ್ತಾರು ಕಪ್ಪು ವರ್ಣೀಯರನ್ನು ಕೊಂದಿತು. ಆರೋಪಗಳಲ್ಲಿ ಒಂದು, ಸತ್ತವರ ಶಸ್ತ್ರ ಹೊಂದುವ ಹಕ್ಕಿಗೆ ಅಡ್ಡಿ ಮಾಡಿದರು ಎಂಬುದು. ನ್ಯಾಯಾಲಯ ಏನೆಂದಿತು? ಹಕ್ಕು ಸಂವಿಧಾನದಿಂದ ಬಂದದ್ದಲ್ಲ, ಹಾಗಾಗಿ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಕೇಂದ್ರ ಸರ್ಕಾರದ ಕೈಯನ್ನು ಮಾತ್ರ. ಖಾಸಗಿ ಜನರು ಕಸಿದುಕೊಂಡರೆ ರಾಜ್ಯಗಳ ಬಳಿಗೆ ಹೋಗಿ ಎಂದಿತು. ಶಿಕ್ಷೆಯಾಗಿದ್ದವರು ಬಿಡುಗಡೆಯಾದರು. ಹಕ್ಕನ್ನು ಅಷ್ಟು ಎತ್ತರಕ್ಕೆ ಏರಿಸಿ ಕೂರಿಸಿದ್ದರಿಂದ ಸತ್ತವರಿಗೆ ಅದು ಕೈಗೆಟುಕಲೇ ಇಲ್ಲ.

ಇನ್ನು ವೀಸಾ. ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷೇಧವಿದೆ, ಗ್ರೀನ್ ಕಾರ್ಡ್ ಇದ್ದವರಿಗೆ ಇಲ್ಲ. ಬೇಟೆಯ ಪರವಾನಗಿ ಇದ್ದರೆ ತಾತ್ಕಾಲಿಕ ವೀಸಾದವರಿಗೂ ವಿನಾಯಿತಿ ಉಂಟು. ಜಿಂಕೆ ಹೊಡೆಯಲು ಹೊರಟರೆ ನಿಮಗೆ ಬಂದೂಕು ಸಿಗುತ್ತದೆ, ಪ್ರಾಣ ಉಳಿಸಿಕೊಳ್ಳಬೇಕು ಎಂದರೆ ಸಿಗುವುದಿಲ್ಲ. ಇದನ್ನು ಮಾನವ ಹಕ್ಕು ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಟೆಕ್ಸಾಸ್‌ವಾಸಿ
ಕೋಲ್‌ಫ್ಯಾಕ್ಸ್ ಹೆಸರನ್ನೇ ಕೇಳಿರಲಿಲ್ಲ. ನಾಳೆ ಊಟದ ಹೊತ್ತಿಗೆ ಸಾಮಗ್ರಿ ಸಿಕ್ಕಿತು.

ಪೊನ್ನಂಪೇಟೆ ತೋಟದವನು
ನೀವೆಲ್ಲ ಅಮೆರಿಕದ ಕಥೆ ಹೇಳುತ್ತಿದ್ದೀರಿ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಜನ ಕರ್ನಾಟಕದಲ್ಲೇ ಇದ್ದೇವೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಮೊಬೈಲ್ ಬರುವ ಮೊದಲು ಊರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ.

ಇದು ಯಾವ ಹಕ್ಕು? ಸಂವಿಧಾನದಲ್ಲಿ ಇಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲೂ ಇಲ್ಲ. ಆದರೂ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಗೋಡೆಯ ಮೇಲೆ ಕೋವಿ ಇದೆ. ನಮ್ಮ ಅಜ್ಜನ ಕೈಯಲ್ಲಿ ಕೇಳಿದ್ದರೆ "ಹಕ್ಕು ಯಾರಿಗೆ ಬೇಕು, ಅದು ಮನೆಯದು" ಎನ್ನುತ್ತಿದ್ದರು.

ಪ್ರಶ್ನಾರ್ಥಕ
ನೋಡಿ, ಇದೇ ನನ್ನ ಮಾತು! ಕಾಗದಕ್ಕಿಂತ ಮೊದಲೇ ಇತ್ತು.

ಕರಿಕೋಟು
ಕಾಗದಕ್ಕಿಂತ ಮೊದಲು ಬಹಳ ಇತ್ತು, ಸತಿ ಪದ್ಧತಿಯೂ ಇತ್ತು. ಪೊನ್ನಂಪೇಟೆಯವರೇ, ನಿಮ್ಮದು ಹಕ್ಕಲ್ಲ, ವಿನಾಯಿತಿ. ಕೇಂದ್ರ ಸರ್ಕಾರದ ಅಧಿಸೂಚನೆ. 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದ್ದಾರೆ, 2029ರ ಅಕ್ಟೋಬರ್ ಅಂತ್ಯದವರೆಗೆ ಮಾತ್ರ. ಒಂದು ಜನಾಂಗಕ್ಕೆ ಈ ಸವಲತ್ತು ಏಕೆ, ಇದು ತಾರತಮ್ಯ ಎಂದು ಯಾರೋ ಹೈಕೋರ್ಟಿಗೆ ಹೋದರು. 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಎತ್ತಿಹಿಡಿದ ಕಾರಣ ನೋಡಿ: ಹಳೆಯ ಯೋಧ ಪರಂಪರೆ, ಸ್ವಾತಂತ್ರ್ಯಪೂರ್ವದಿಂದ ನಡೆದುಬಂದದ್ದು, ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ. ಮಾನವ ಹಕ್ಕಾಗಿದ್ದರೆ ಗಡುವು ಇರುತ್ತಿತ್ತೇ?

ಅಡಿಕೆಗಾರ
ಸಾಗರದ ಕಡೆಯವನು. ನಮ್ಮಲ್ಲಿ ಬೆಳೆ ರಕ್ಷಣೆಗೆ ಅಂತ ಪರವಾನಗಿ ಕೊಡುತ್ತಾರೆ. ಕೊಡುತ್ತಾರೆ ಎಂದರೆ, ಕೊಡುತ್ತಾರಂತೆ. ಅರ್ಜಿ ಹಾಕಿದ ಮೇಲೆ ಠಾಣೆ, ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿ ಕಚೇರಿ, ಮತ್ತೆ ಠಾಣೆ. ಅಪ್ಪನ ಹೆಸರಿನ ಒಂಟಿ ನಳಿಗೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಸುವಷ್ಟರಲ್ಲಿ ಮಂಗಗಳ ಮೂರು ತಲೆಮಾರು ತೋಟ ನೋಡಿದವು. ಮೇಲಿಂದ ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಿ ಎಂಬ ಸೂಚನೆ. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ, ಒಂದಾದ ಮೇಲೊಂದು. ಮಂಗಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಒಂದೇಸಾಲು
ಮಂಗಗಳಿಗೂ ಗುರುತಿನ ಚೀಟಿ ಕೊಡಿ.

ಕುಂದಾಪುರದ ಕಡೆಯವರು
ಅಡಿಕೆಗಾರರೇ, ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯೋ, ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯೋ? ನಮ್ಮ ಮಾವನ ಮನೆಯಲ್ಲಿ ಕೇಪಿನದು ಇತ್ತು. ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದು ಹೊಡೆದರೆ ಚಟ್ ಎನ್ನುತ್ತಿತ್ತು, ಮಂಗ ತಿರುಗಿ ನೋಡಿ ಮತ್ತೆ ತಿನ್ನುತ್ತಿತ್ತು.

ಅಡಿಕೆಗಾರ
ತೋಟೆಯದೇ. ಆದರೆ ತೋಟೆಯ ಬೆಲೆ ನೋಡಿದರೆ ಎಳೆ ಅಡಿಕೆಯನ್ನು ಮಂಗಕ್ಕೆ ಬಿಟ್ಟುಕೊಡುವುದೇ ಲಾಭ.

ನಿರ್ವಾಹಕರು
ಮಂಗಗಳ ವಿಷಯಕ್ಕೆ ಬೇರೆ ಎಳೆ ಇದೆ, ಅದೂ ಸಾಕಷ್ಟು ಉದ್ದವಾಗಿದೆ. ಇಲ್ಲಿ ಹಕ್ಕಿನ ಮಾತು ನಡೆಯಲಿ.

ಇತಿಹಾಸದ ಮೇಷ್ಟ್ರು
ಎಲ್ಲರೂ ಕೊಡಗಿನ ಕೋವಿ ಹೇಳಿದಿರಿ, ಹಲಗಲಿಯನ್ನು ಮರೆತಿರಿ. 1857ರ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲ ಎಂದು ಕೂತರು. ಬ್ರಿಟಿಷ್ ಸೈನ್ಯ ಊರಿಗೇ ಬೆಂಕಿ ಇಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಶಾಲೆಯಲ್ಲಿ ಲಾವಣಿ ಓದಿದವರಿಗೆಲ್ಲ ಗೊತ್ತು. ಒಂದೇ ಸರ್ಕಾರ, ನಾಲ್ಕು ವರ್ಷದ ಅಂತರ: ನಿಷ್ಠರು ಎಂದು ಕೊಡಗಿನವರಿಗೆ ವಿನಾಯಿತಿ, ಒಪ್ಪದ ಹಲಗಲಿಗೆ ಬೆಂಕಿ. ಆಯುಧ ಯಾರ ಕೈಯಲ್ಲಿ ಇರಬೇಕು ಎಂದು ತೀರ್ಮಾನಿಸುವವರು ಯಾವಾಗಲೂ ತಮಗೆ ಬೇಕಾದವರ ಪಟ್ಟಿ ಇಟ್ಟುಕೊಂಡಿರುತ್ತಾರೆ. 1878ರ ಶಸ್ತ್ರಾಸ್ತ್ರ ಕಾಯಿದೆಯಲ್ಲೂ ಯುರೋಪಿಯನ್ನರಿಗೆ ವಿನಾಯಿತಿ ಇತ್ತು.

ಈ ನೆನಪು ಕಾಂಗ್ರೆಸ್ಸಿನಲ್ಲಿ ಬಹುಕಾಲ ಉಳಿದಿತ್ತು. ಅಹಿಂಸೆಯ ಗಾಂಧೀಜಿಯೇ ಇಡೀ ದೇಶದ ಆಯುಧ ಕಸಿದ ಕಾಯಿದೆಯನ್ನು ಬ್ರಿಟಿಷರ ಅತ್ಯಂತ ಕೆಟ್ಟ ಕೃತ್ಯಗಳ ಸಾಲಿಗೆ ಸೇರಿಸಿದ್ದರು. 1931ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕೂ ಇತ್ತು. ಸಂವಿಧಾನ ರಚನಾ ಸಭೆಯಲ್ಲಿ ಅದನ್ನು ಸೇರಿಸಬೇಕೆಂದು ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು. 1948ರ ಡಿಸೆಂಬರ್. ಅಂಬೇಡ್ಕರ್ ಒಪ್ಪಲಿಲ್ಲ. ಇಲ್ಲಿ ಮುಖ್ಯವಾದದ್ದು ಪ್ರಜೆಯ ಹಕ್ಕಲ್ಲ, ಅದನ್ನು ನಿಯಂತ್ರಿಸುವ ರಾಜ್ಯದ ಅಧಿಕಾರ ಎಂಬುದು ಅವರ ನಿಲುವು. ತಿದ್ದುಪಡಿ ಬಿದ್ದುಹೋಯಿತು. ಅದೇ ತಿಂಗಳ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಗೆ ಅಂಗೀಕಾರ ನೀಡಿತು. ಅದರಲ್ಲೂ ಜೀವ, ಸ್ವಾತಂತ್ರ್ಯ, ಭದ್ರತೆ ಇವೆ, ಆಯುಧದ ಸುಳಿವಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದವರು ಕೂತು ಬರೆದದ್ದು ಅದು, ಮರೆತು ಬಿಟ್ಟದ್ದಲ್ಲ.

ಪ್ರಶ್ನಾರ್ಥಕ
ಮೇಷ್ಟ್ರೇ, ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ. ಹಲಗಲಿಯವರ ಹತ್ತಿರ ಯಾವ ಸಂವಿಧಾನ ಇತ್ತು? ಯಾವ ಕಾನೂನಿನ ಪ್ರಕಾರ ಅವರು ಸರಿ? ಕಾನೂನು ಬ್ರಿಟಿಷರ ಕಡೆಗಿತ್ತು. ಆದರೂ ನಾವೆಲ್ಲ ಬೇಡರೇ ಸರಿ ಎನ್ನುತ್ತೇವೆ. ಹಾಗಾದರೆ ಕಾನೂನಿಗಿಂತ ಮೇಲಿನ ಒಂದು ಹಕ್ಕು ಅವರಿಗೆ ಇತ್ತು ಎಂದು ಒಪ್ಪಿದಂತಾಯಿತಲ್ಲವೇ?

ಇತಿಹಾಸದ ಮೇಷ್ಟ್ರು
ಒಳ್ಳೆಯ ಪ್ರಶ್ನೆ, ಇದಕ್ಕೆ ಅಂಕ ಕೊಡುತ್ತೇನೆ. ಅವರಿಗೆ ಇದ್ದದ್ದು ದಬ್ಬಾಳಿಕೆಯನ್ನು ಎದುರಿಸುವ ಹಕ್ಕು. ಕಾಯಿದೆ ಮಾಡಿದವರನ್ನು ಅವರು ಆರಿಸಿರಲಿಲ್ಲ, ಕೆಳಗಿಳಿಸುವಂತೆಯೂ ಇರಲಿಲ್ಲ. ಹತಾರ ಅವರ ಬೇಟೆ, ಸಿಪಾಯಿ ಚಾಕರಿ, ಮರ್ಯಾದೆ, ಎಲ್ಲವೂ ಆಗಿತ್ತು. ಅದನ್ನು ಇವತ್ತು ಜಯನಗರದ ಫ್ಲಾಟಿನಲ್ಲಿ ಪಿಸ್ತೂಲು ಬೇಕು ಎನ್ನುವವನ ಅರ್ಜಿಗೆ ಲಗತ್ತಿಸಬೇಡಿ.

ಒಂದೇಸಾಲು
ಜಯನಗರದವರು ಪಾರ್ಕಿಂಗ್ ಜಾಗಕ್ಕೇ ಅಷ್ಟು ಜಗಳ ಆಡುತ್ತಾರೆ, ಪಿಸ್ತೂಲು ಬೇಡವೇ ಬೇಡ.

ನ್ಯೂಜೆರ್ಸಿ ಶುಶ್ರೂಷಕಿ
ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಗಂಡಸರು ಕಳ್ಳ ನುಗ್ಗಿದ, ರಾಜ ದಬ್ಬಾಳಿಕೆ ಮಾಡಿದ ಎಂದು ವಾದಿಸುತ್ತಿದ್ದೀರಿ. ಅಮೆರಿಕದಲ್ಲಿ 2021ರಲ್ಲಿ ಗುಂಡೇಟಿನಿಂದ ಸತ್ತವರು 48,830. ಅರ್ಧಕ್ಕಿಂತ ಹೆಚ್ಚು ಜನ ತಮಗೆ ತಾವೇ ಹೊಡೆದುಕೊಂಡವರು. ಮಾತ್ರೆ ನುಂಗಿದವರು ಬಹಳಷ್ಟು ಮಂದಿ ಬದುಕಿ ಮನೆಗೆ ಹೋಗುತ್ತಾರೆ. ಬಂದೂಕು ಹಿಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನಮ್ಮ ಬಾಗಿಲಿಗೆ ಬರುವುದೇ ಇಲ್ಲ, ಅಥವಾ ಬಂದರೂ ಉಳಿಯುವುದಿಲ್ಲ. ಆ ಗಳಿಗೆ ಕಳೆದಿದ್ದರೆ ಎಷ್ಟೋ ಮಂದಿ ಮತ್ತೆ ಆ ಕಡೆ ಮುಖ ಹಾಕುತ್ತಿರಲಿಲ್ಲ. ಹಕ್ಕಿನ ಲೆಕ್ಕ ಹಾಕುವಾಗ ಮನೆಯಲ್ಲಿ ಹದಿನೇಳರ ಹುಡುಗ ಇದ್ದಾನೆ, ಪರೀಕ್ಷೆಯಲ್ಲಿ ನಪಾಸಾಗಿದ್ದಾನೆ ಎಂಬುದನ್ನೂ ಸೇರಿಸಿ.

ಟೆಕ್ಸಾಸ್‌ವಾಸಿ
ಅಕ್ಕಾ, ಇದನ್ನು ಹೇಳಿದರೆ ಅವನು "ಅದು ಹಕ್ಕಿನ ದುರುಪಯೋಗ, ಹಕ್ಕಿನ ತಪ್ಪಲ್ಲ" ಎನ್ನುತ್ತಾನೆ.

ನ್ಯೂಜೆರ್ಸಿ ಶುಶ್ರೂಷಕಿ
ಎನ್ನಲಿ. ಅಪ್ಪ ಅಮ್ಮನನ್ನು ಕೂರಿಸಿ ವಿಷಯ ತಿಳಿಸುವ ಕೆಲಸವನ್ನು ಒಂದು ರಾತ್ರಿ ಅವನೇ ಮಾಡಲಿ.

ಪ್ರಶ್ನಾರ್ಥಕ
ಅಕ್ಕನ ಮಾತಿಗೆ ಗೌರವವಿದೆ, ಆದರೂ ಕೇಳುತ್ತೇನೆ. ಸರ್ಕಾರ ನಮ್ಮನ್ನು ಕಾಪಾಡುತ್ತದೆ, ಹಾಗಾಗಿ ಆಯುಧ ಬೇಡ ಎನ್ನುತ್ತೀರಿ ತಾನೇ? ಕಾಪಾಡುವ ಹೊಣೆಯನ್ನೇ ಅದು ಒಪ್ಪುವುದಿಲ್ಲವಲ್ಲ! ಕೊಲೊರಾಡೊದಲ್ಲಿ ಒಬ್ಬ ತಾಯಿ ಗಂಡನ ವಿರುದ್ಧ ನ್ಯಾಯಾಲಯದ ರಕ್ಷಣಾ ಆದೇಶ ಪಡೆದಿದ್ದಳು. ಅವನು ಮೂವರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋದ. ಅವಳು ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಅವರು ಕದಲಲಿಲ್ಲ, ಮಕ್ಕಳು ಸತ್ತರು. 2005ರಲ್ಲಿ ಸುಪ್ರೀಂ ಕೋರ್ಟ್, ಆದೇಶವನ್ನು ಜಾರಿ ಮಾಡಿಸಿಕೊಳ್ಳುವ ಸಾಂವಿಧಾನಿಕ ಹಕ್ಕು ಅವಳಿಗೆ ಇರಲಿಲ್ಲ ಎಂದಿತು. 2022ರಲ್ಲಿ ಟೆಕ್ಸಾಸಿನ ಯುವಾಲ್ಡೆ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಪೊಲೀಸರು ಮೊಗಸಾಲೆಯಲ್ಲಿ ಒಂದು ಗಂಟೆಗೂ ಹೆಚ್ಚು ನಿಂತಿದ್ದರು. ರಾಜ್ಯ ಕೈ ಚೆಲ್ಲಿದ ಜಾಗದಲ್ಲಿ ನನ್ನ ಕೈ ಕಟ್ಟುವುದು ಯಾವ ನ್ಯಾಯ?

ಕರಿಕೋಟು
ಈ ಎಳೆಯಲ್ಲಿ ನೀವು ಆಡಿದ ಅತ್ಯಂತ ಗಟ್ಟಿ ಮಾತು ಇದು, ಮುಖ ಸ್ತುತಿ ಅಲ್ಲ. ಆದರೆ ದಾರಿ ತಪ್ಪಿದ್ದು ಎಲ್ಲಿ ಎಂದರೆ, ಪೊಲೀಸರು ಹೊಣೆ ಹೊರಲಿಲ್ಲ ಎಂದಾಗ ಮಾನವ ಹಕ್ಕಿನ ಭಾಷೆಯಲ್ಲಿ ಕೇಳಬೇಕಾದದ್ದು ಆ ಹೊಣೆಯನ್ನು. ಜೀವದ ಹಕ್ಕು ಎಂದರೆ ರಾಜ್ಯ ಕೊಲ್ಲಬಾರದು ಎಂಬುದು ಅರ್ಧ. ಇನ್ನೊಬ್ಬರು ಕೊಲ್ಲದಂತೆ ನೋಡಿಕೊಳ್ಳಬೇಕು ಎಂಬುದು ಇನ್ನರ್ಧ. 2006ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ಬಾರ್ಬರಾ ಫ್ರೇ ಈ ವಿಷಯದಲ್ಲೇ ವರದಿ ಕೊಟ್ಟರು. ಆತ್ಮರಕ್ಷಣೆ ಎಂಬುದು ಶಿಕ್ಷೆಯಿಂದ ಪಾರು ಮಾಡುವ ಕಾರಣ. ಅದರಿಂದ ಬಂದೂಕಿನ ಮಾನವ ಹಕ್ಕು ಹುಟ್ಟುವುದಿಲ್ಲ ಎಂಬುದು ಸಾರಾಂಶ. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲೂ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಧಾರಾಳವಾಗಿ ಕೊಟ್ಟಿವೆ. ನುಗ್ಗಿದ ಕಳ್ಳನಿಗೆ ಆ ಹೆಂಗಸು ಒನಕೆ ಬೀಸಿದರೆ ಕಾನೂನು ಅವಳ ಕಡೆಗಿದೆ. ಒನಕೆಗೆ ಪರವಾನಗಿ ಬೇಡ.

ಇನ್ನೊಂದು. ನಿಮ್ಮ ಕೊಲೊರಾಡೊದ ಗಂಡ ಬಂದೂಕನ್ನು ಖರೀದಿಸಿದ್ದು ಅದೇ ಸಂಜೆ. ಆ ಅಂಗಡಿಯ ಮುಂದೆ ಅವನೂ ಒಬ್ಬ ಹಕ್ಕುದಾರ. ಇಂಥ ರಕ್ಷಣಾ ಆದೇಶ ಇರುವವರಿಂದ ಬಂದೂಕು ಕಿತ್ತುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 8-1ರಲ್ಲಿ ಖಚಿತವಾಗಿ ಹೇಳಿದ್ದು 2024ರಲ್ಲಿ, ರಹಿಮಿ ಪ್ರಕರಣದಲ್ಲಿ.

ಒನಕೆ
ಚಿತ್ರದುರ್ಗದವಳು. ಒನಕೆಯ ಮಾತು ಎತ್ತಿದಿರಿ, ಬಂದೆ. ಓಬವ್ವನ ಹೆಸರು ಹೇಳಿ ಹೆಂಗಸರಿಗೆ ಒನಕೆ ಸಾಕು ಎನ್ನುವುದು ಬಹಳ ಅನುಕೂಲದ ಮಾತು, ವಕೀಲರೇ. ಕಿಂಡಿಯಲ್ಲಿ ತೂರಿ ಒಬ್ಬೊಬ್ಬರಾಗಿ ಬರುವ ಶತ್ರು ಎಲ್ಲರಿಗೂ ಸಿಗುವುದಿಲ್ಲ. ಹಾಗೆಂದು ಪಿಸ್ತೂಲು ಕೊಡಿ ಎನ್ನುವವಳೂ ನಾನಲ್ಲ, ಕೊಟ್ಟರೆ ಮೊದಲು ಅದನ್ನು ಎತ್ತಿಕೊಳ್ಳುವುದು ಮನೆಯ ಗಂಡಸು. ಹೆಂಗಸಿನ ಹೆಸರನ್ನು ಇಬ್ಬರೂ ನಿಮ್ಮ ನಿಮ್ಮ ವಾದಕ್ಕೆ ಎಳೆಯುವುದನ್ನು ನಿಲ್ಲಿಸಿ ಎನ್ನುವುದಕ್ಕೆ ಬರೆದೆ.

ಟೆಕ್ಸಾಸ್‌ವಾಸಿ
ಒಂದು ಅನುಮಾನ. ಅಮೆರಿಕ ಬಿಟ್ಟು ಬೇರೆ ಯಾವ ಸಂವಿಧಾನದಲ್ಲೂ ಇದು ಇಲ್ಲವೇ?

ಕರಿಕೋಟು
ಮೆಕ್ಸಿಕೊ, ಗ್ವಾಟೆಮಾಲಾ. ಮೆಕ್ಸಿಕೊದಲ್ಲಿ ಹಕ್ಕು ಕಾಗದದ ಮೇಲೆ ಜೋರಾಗಿದೆ, ಆದರೆ ಬಹುಕಾಲ ಇಡೀ ದೇಶಕ್ಕೆ ಇದ್ದದ್ದು ಸೈನ್ಯ ನಡೆಸುವ ಒಂದೇ ಒಂದು ಬಂದೂಕಿನ ಅಂಗಡಿ. ಜೆಕ್ ಗಣರಾಜ್ಯ 2021ರಲ್ಲಿ ತನ್ನ ಮೂಲಭೂತ ಹಕ್ಕುಗಳ ಸನ್ನದಿಗೆ ಒಂದು ವಾಕ್ಯ ಸೇರಿಸಿತು: ಕಾನೂನಿನ ಷರತ್ತುಗಳಿಗೆ ಒಳಪಟ್ಟು ಆಯುಧದಿಂದ ತನ್ನ ಅಥವಾ ಇನ್ನೊಬ್ಬರ ಜೀವ ರಕ್ಷಿಸಿಕೊಳ್ಳುವ ಹಕ್ಕು. ಹಕ್ಕು ಇರುವುದು ರಕ್ಷಣೆಗೆ. ಜತೆಗೆ ಅಲ್ಲಿ ಪರವಾನಗಿ, ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲವೂ ಇವೆ. ಅಮೆರಿಕದ ಹಕ್ಕಿನ ಬೇರು 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆಯಲ್ಲಿದೆ, ಅಲ್ಲಿ ಅದು ಪ್ರಾಟೆಸ್ಟೆಂಟರಿಗೆ ಮಾತ್ರ, ಅದೂ ಅವರವರ ಅಂತಸ್ತಿಗೆ ತಕ್ಕಂತೆ. ಆ ಇಂಗ್ಲೆಂಡಿನಲ್ಲಿ ಇವತ್ತು ಸಾಮಾನ್ಯರಿಗೆ ಪಿಸ್ತೂಲು ನಿಷಿದ್ಧ. ಭಾರತದಲ್ಲಿ ಅಲಹಾಬಾದ್ ಹೈಕೋರ್ಟ್ 1990ರ ದಶಕದಲ್ಲಿ ಒಮ್ಮೆ ಇದನ್ನು ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯೊಳಗೆ ತೂರಿಸಿತ್ತು, ಅದೇ ಹೈಕೋರ್ಟಿನ ಪೂರ್ಣ ಪೀಠ ಹೊರಗೆ ಹಾಕಿತು. 2023ರಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ಅಮೆರಿಕದಂತೆ ನಮ್ಮಲ್ಲಿ ಇದು ಮೂಲಭೂತ ಹಕ್ಕಲ್ಲ ಎಂದು ಮತ್ತೆ ನೆನಪಿಸಿತು.

ಇತಿಹಾಸದ ಮೇಷ್ಟ್ರು
ಅಮೆರಿಕದ ಎರಡನೇ ತಿದ್ದುಪಡಿ ಹೇಳುವ "ಜನರು" ಎಂದರೆ ಯಾರು ಎಂಬುದೂ ಕಾಲಕಾಲಕ್ಕೆ ಬದಲಾಗಿದೆ. ಅಂತರ್ಯುದ್ಧ ಮುಗಿದ ಕೂಡಲೇ ದಕ್ಷಿಣದ ರಾಜ್ಯಗಳು ಬಿಡುಗಡೆಯಾದ ಗುಲಾಮರ ಕೈಯಿಂದ ಬಂದೂಕು ಕಿತ್ತವು. 1967ರಲ್ಲಿ ಕಪ್ಪು ವರ್ಣೀಯರ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಬಹಿರಂಗವಾಗಿ ಬಂದೂಕು ಹೊತ್ತು ತಿರುಗಿದಾಗ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ತಡೆಯುವ ಕಾನೂನಿಗೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್.

ಪೊನ್ನಂಪೇಟೆ ತೋಟದವನು
ವಿನಾಯಿತಿ ಎಂದು ವಕೀಲರು ಹೇಳಿದ್ದು ಸರಿ, ಬೇಸರವಿಲ್ಲ. ಆದರೆ ಒಂದು ಮಾತು ಸೇರಿಸಲೇಬೇಕು. ಇಷ್ಟು ಮನೆಗಳಲ್ಲಿ ಕೋವಿ ಇದ್ದೂ ನಾವು ಟೆಕ್ಸಾಸ್ ಆಗಿಲ್ಲ. ಕೋವಿ ಇಲ್ಲಿ ಮನೆತನದ್ದು. ಹಿರಿಯರ ಎದುರು, ಊರಿನ ಎದುರು ಅದಕ್ಕೆ ಲೆಕ್ಕ ಕೊಡಬೇಕು. ಕುಡಿದು ಕೋವಿ ಮುಟ್ಟಿದವನಿಗೆ ಮರುದಿನ ಮನೆಯಲ್ಲಿ ಮುಖ ತೋರಿಸಲು ಆಗುವುದಿಲ್ಲ. ನಮ್ಮಲ್ಲೂ ಅನಾಹುತ ಆಗುವುದಿಲ್ಲ ಎಂದಲ್ಲ. ಜಾಗದ ಜಗಳ, ದಾಯಾದಿ ಜಗಳದಲ್ಲಿ ಗುಂಡು ಹಾರಿದ ಸುದ್ದಿ ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಆಗ ಯಾರೂ "ಅವನ ಹಕ್ಕು" ಎನ್ನುವುದಿಲ್ಲ.

ಅಡಿಕೆಗಾರ
ನಿಮಗೆ ಪರವಾನಗಿ ಬೇಡ, ಘಟ್ಟದ ಆಚೆ ನಮಗೆ ಬೇಕು. ಒಂದೇ ಕಾಡುಹಂದಿ ಎರಡೂ ಕಡೆ ತಿನ್ನುತ್ತದೆ.

ಪ್ರಶ್ನಾರ್ಥಕ
ಪೊನ್ನಂಪೇಟೆಯವರೇ, ನೇರ ಪ್ರಶ್ನೆ. 2029ರಲ್ಲಿ ವಿನಾಯಿತಿ ಮುಂದುವರಿಸಲಿಲ್ಲ ಎಂದುಕೊಳ್ಳಿ. ಕೋವಿಯನ್ನು ಠಾಣೆಗೆ ಕೊಟ್ಟು ಬರುತ್ತೀರಾ?

ಪೊನ್ನಂಪೇಟೆ ತೋಟದವನು
ದೊಡ್ಡ ಗಲಾಟೆ ಮಾಡುತ್ತೇವೆ, ನ್ಯಾಯಾಲಯಕ್ಕೆ ಹೋಗುತ್ತೇವೆ, ಅದೂ ಆಗದಿದ್ದರೆ ಅಡಿಕೆಗಾರರ ಹಿಂದೆ ಸರದಿಯಲ್ಲಿ ನಿಂತು ಪರವಾನಗಿಗೆ ಅರ್ಜಿ ಹಾಕುತ್ತೇನೆ. ನೀವು? ಮಾನವ ಹಕ್ಕು ಎನ್ನುತ್ತೀರಲ್ಲ, ಅರ್ಜಿ ಹಾಕದೆ ಒಂದು ಇಟ್ಟುಕೊಂಡು ನೋಡಿ.

ಕರಿಕೋಟು
ದಯವಿಟ್ಟು ನೋಡಬೇಡಿ. ಶಸ್ತ್ರಾಸ್ತ್ರ ಕಾಯಿದೆಯ 25ನೇ ಕಲಮು, 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು. ಜಾಮೀನು ಅರ್ಜಿಯಲ್ಲಿ "ಹುಟ್ಟಿನಿಂದ ಬಂದ ಹಕ್ಕು" ಎಂದು ಬರೆಯಿರಿ ಎಂದು ನನ್ನನ್ನು ಒತ್ತಾಯಿಸಬೇಡಿ.

ಪ್ರಶ್ನಾರ್ಥಕ
ನಿಮ್ಮನ್ನು ವಕೀಲರಾಗಿ ಇಟ್ಟುಕೊಳ್ಳುವುದೂ ಇಲ್ಲ. 21ನೇ ವಿಧಿಯ ಆ ಹಳೆಯ ತೀರ್ಪಿನ ಹೆಸರು ಹೇಳಿ, ನಾನೇ ಓದಿಕೊಂಡು ಬರುತ್ತೇನೆ.